ಸೊಟ್ಟ ಹಲ್ಲಿನ ಫೈಲು

ಆ ಮನೆಯಲ್ಲಿ ಮಾವ ಸೊಸೆ ಮಾತಾಡುವುದಿಲ್ಲ ಎಂದರೆ ಏನೋ ಜಗಳವಾಗಿರಬೇಕು ಎಂದುಕೊಳ್ಳಬೇಡಿ. ಜಗಳವಾಡುವುದಕ್ಕಾದರೂ ಎದುರೆದುರು ನಿಂತು ನಾಲ್ಕು ಮಾತಾಡಬೇಕಲ್ಲ, ಅವರು ಅಷ್ಟು ಮುಂದುವರಿದವರಲ್ಲ. ನಡುವೆ ಅತ್ತೆ ಇದ್ದರು. ಸೊಸೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರೂ ಮಾವ ಹೆಂಡತಿಯ ಕಡೆ ತಿರುಗಿ, "ಅವಳಿಗೆ ಹೇಳು, ಆ ದವಡೆ ಹಲ್ಲು ಒಂಚೂರು ಹಳದಿ ಬರ್ಲಿ" ಎನ್ನುವರು. ಅತ್ತೆ ತಲೆ ತಿರುಗಿಸಿ, "ಕೇಳಿಸ್ತೇನೇ? ಒಂಚೂರು ಹಳದಿ ಬರ್ಬೇಕಂತೆ" ಎನ್ನುವರು. "ಆಯ್ತು ಅಂತ ಹೇಳಿ ಅತ್ತೆ" ಎನ್ನುವಳು ಸೊಸೆ. "ಆಯ್ತಂತೆ ಕಣ್ರೀ." ಹೀಗೆ ಒಂದು ಹಲ್ಲಿಗೆ ನಾಲ್ಕು ಮಾತು ಖರ್ಚಾಗುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಇದನ್ನು ನೋಡಿ ನಗು ತಡೆಯಲು ಆಗುತ್ತಿರಲಿಲ್ಲ. ಆಮೇಲೆ ಅವಳಿಗೂ ರೂಢಿಯಾಯಿತು. ಮಾವ ಒರಟರಲ್ಲ, ಬರೀ ಸಂಕೋಚದ ಪ್ರಾಣಿ. ಊರವರ ಬಾಯಿಗೆಲ್ಲ ಹಲ್ಲು ಕಟ್ಟಿಕೊಟ್ಟ ಮನುಷ್ಯನಿಗೆ ತಮ್ಮ ಬಾಯಿ ತೆರೆಯುವುದೆಂದರೆ ಮಾತ್ರ ಕಷ್ಟ.

ಅವರದು ಹಲ್ಲು ತಯಾರಿಸುವ ಮನೆ. ಕೆಳಗೆ ಕೆಲಸ, ಮೇಲೆ ವಾಸ. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಮಾವ ಹಲ್ಲಿನ ಸೆಟ್ಟು ಮಾಡುತ್ತಿದ್ದರು. ಮಗ ಅವನ್ನು ಊರೂರಿಗೆ ತಲುಪಿಸುತ್ತ ಹೆಚ್ಚು ಹೊತ್ತು ರಸ್ತೆಯ ಮೇಲೇ ಇರುತ್ತಿದ್ದ. ಸೊಸೆ ಬಂದ ಮೇಲೆ ಕಂಪ್ಯೂಟರುಗಳೂ ಬಂದವು. ಈಗ ಬಾಯಿಯನ್ನು ಸ್ಕ್ಯಾನ್ ಮಾಡಿ, ತೆರೆಯ ಮೇಲೆ ಹಲ್ಲು ಜೋಡಿಸಿದರೆ, ಮಧ್ಯದ ಕೋಣೆಯ ಯಂತ್ರ ಅದನ್ನು ತಾನೇ ಕೊರೆದು ಕೊಡುತ್ತಿತ್ತು. ಎಲ್ಲ ಫೈಲುಗಳೂ ಒಂದೇ ಸರ್ವರಿನಲ್ಲಿ ಇರುತ್ತಿದ್ದವು, ಎಲ್ಲ ಕಂಪ್ಯೂಟರುಗಳೂ ಅಲ್ಲಿಂದಲೇ ತೆಗೆದುಕೊಳ್ಳುತ್ತಿದ್ದವು. ಯಂತ್ರಗಳಿಗೆ ಹೆಸರಿಡುವುದು ಸೊಸೆಯ ಚಪಲ. ಸರ್ವರಿಗೆ ಅವಳಿಟ್ಟ ಹೆಸರು ಉಗ್ರಾಣ, ಕೊರೆಯುವ ಯಂತ್ರಕ್ಕೆ ಬಡಗಿ.

ಮೂರು ವಾರದ ಕೆಳಗೆ ಅತ್ತೆ ಮೆಟ್ಟಿಲಲ್ಲಿ ಜಾರಿದರು. ಕೈಕಾಲಿಗೆ ಏನೂ ಆಗಲಿಲ್ಲ, ಮುಂದಿನ ಹಲ್ಲು ಮುರಿದವು. ಪಕ್ಕದವೂ ಅಲ್ಲಾಡುತ್ತಿದ್ದುದರಿಂದ ವೈದ್ಯರು ಮೇಲಿನ ಸಾಲನ್ನೇ ಪೂರ್ತಿ ತೆಗೆದುಹಾಕಿದರು. ಅವತ್ತಿನಿಂದ ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಊಟದ ಹೊತ್ತಿಗೂ ಅಂಗೈ ಅಡ್ಡ ಹಿಡಿಯುವರು, ಹೂಂ ಉಹೂಂ ಬಿಟ್ಟರೆ ತುಟಿಪಿಟಕ್ ಎನ್ನರು. ಮನೆಯಿಡೀ ಮೂಕವಾಯಿತು. ಮಾವ "ಅವಳಿಗೆ ಹೇಳು" ಎನ್ನುವರು, ಅತ್ತೆ ತಲೆಯಾಡಿಸುವರು, ಮಾತು ಅಲ್ಲಿಗೇ ನಿಂತುಹೋಗುವುದು. ಕೊನೆಗೆ ಮಾವ ಗೋಡೆಗೆ ಹೇಳತೊಡಗಿದರು. "ನಾಳೆ ಎರಡು ಸೆಟ್ಟು ಹೋಗ್ಬೇಕು" ಎಂದು ಗಡಿಯಾರದ ಕಡೆ ನೋಡಿ ಹೇಳಿದರೆ, ಸೊಸೆಯೂ ಕಿಟಕಿಯ ಕಡೆ ನೋಡಿ, "ಒಂದು ರೆಡಿ ಇದೆ" ಎನ್ನುವಳು.

ಹಲ್ಲು ಮಾಡುವವರ ಮನೆಯಲ್ಲಿ ಹಲ್ಲಿಗೆ ಬರವೇ ಎನ್ನಬೇಡಿ. ಮಾವ ಸಿದ್ಧ ಹಲ್ಲುಗಳ ಒಂದು ಸಾಲು ಜೋಡಿಸಿ ಆಗಲೇ ತೋರಿಸಿದ್ದರು. ಮುತ್ತು ಪೋಣಿಸಿದಂಥ ಸಾಲು. ಅತ್ತೆ ಹಾಕಿಕೊಂಡು ಕನ್ನಡಿ ನೋಡಿ, "ಇದ್ಯಾರ ಬಾಯಿ?" ಎಂದು ಬಿಚ್ಚಿ ತಟ್ಟೆಯಲ್ಲಿಟ್ಟರು. ಆ ಮೂರು ವಾರದಲ್ಲಿ ಅವರು ಆಡಿದ ಮಾತು ಅದೊಂದೇ. ನಾಳೆ ಅವರ ಅಕ್ಕನಿಗೆ ಎಂಬತ್ತು ತುಂಬುತ್ತದೆ. ಇಬ್ಬರೇ ಉಳಿದಿದ್ದಾರೆ ಅಕ್ಕತಂಗಿ. ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ನೋಡಿ ಬಿದ್ದು ಬಿದ್ದು ನಕ್ಕವರು. ಬೆಳಗಿನ ರೈಲಿಗೆ ಟಿಕೆಟ್ಟೂ ಆಗಿತ್ತು. ಆದರೆ ಬೇರೆಯವಳ ಬಾಯಿ ಹೊತ್ತುಕೊಂಡು ಅಕ್ಕನ ಮುಂದೆ ನಿಲ್ಲುವುದಿಲ್ಲವೆಂದು ಅತ್ತೆ ಪೆಟ್ಟಿಗೆಯನ್ನೇ ಕಟ್ಟಿರಲಿಲ್ಲ.

ಅತ್ತೆಯ ಸ್ವಂತ ಹಲ್ಲು ಇನ್ನೂ ಒಂದು ಕಡೆ ಇತ್ತು. ಸ್ಕ್ಯಾನರು ಕೊಂಡು ತಂದ ದಿನ, ಪರೀಕ್ಷೆ ಮಾಡಲು ಯಾರೂ ಸಿಗದೆ, ಚಹಾ ತಂದ ಹೆಂಡತಿಯನ್ನೇ ಕೂರಿಸಿ ಮಾವ "ಬಾಯಿ ತೆಗಿ" ಎಂದಿದ್ದರು. ಆ ಫೈಲು ಉಗ್ರಾಣದಲ್ಲಿತ್ತು. ಪಕ್ಕದ ಹಲ್ಲಿನ ಮೇಲೆ ಒಂಚೂರು ಹತ್ತಿ ಕೂತ ಮುಂದಿನ ಸೊಟ್ಟ ಹಲ್ಲೂ ಅದರಲ್ಲಿ ಹಾಗೇ ಇತ್ತು. ವಸಡು ಮಾಯುವವರೆಗೆ ಕಾದು, ನಿನ್ನೆ ಸಂಜೆ ಮಾವ ಹೊಸ ಅಚ್ಚು ತೆಗೆದು ಪ್ಲಾಸ್ಟರು ಸುರಿದಿದ್ದರು. ಇವತ್ತು ಅಚ್ಚು ಒಣಗಬೇಕು, ಅದನ್ನು ಸ್ಕ್ಯಾನ್ ಮಾಡಿ ಹಳೆಯ ಫೈಲಿನ ಹಲ್ಲು ಕೂರಿಸಬೇಕು, ಬಡಗಿ ಕೊರೆಯಬೇಕು. ದಿನ ಸರಿಯಾಗಿ ಸಾಕಾಗುತ್ತಿತ್ತು.

ಬೆಳಗ್ಗೆ ಸೊಸೆ ತನ್ನ ಕಂಪ್ಯೂಟರು ಹಾಕಿದಳು. ಉಗ್ರಾಣ ಸಿಗುತ್ತಿಲ್ಲ ಎಂದಿತು. ಕೇಬಲ್ ಕಿತ್ತು ಚುಚ್ಚಿದಳು. ಸಿಗುತ್ತಿಲ್ಲ. ಉಗ್ರಾಣದ ಮುಂದೆ ಹೋಗಿ ಬಗ್ಗಿ ನೋಡಿದರೆ ಹಸಿರು ದೀಪಗಳು ಏನೂ ಆಗದವರ ಹಾಗೆ ಮಿನುಗುತ್ತಿದ್ದವು. ಬಡಗಿಯ ತೆರೆಯಲ್ಲೂ ಅದೇ ದೂರು. ಇಂಟರ್ನೆಟ್ಟೂ ಇರಲಿಲ್ಲ, ಆದರೆ ಅದು ಆಗಾಗ ಮುನಿಸಿಕೊಳ್ಳುವುದು ಇದ್ದದ್ದೇ ಆದ್ದರಿಂದ ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲೇ ಅವಳು ಎಡವಿದ್ದು.

ಸೋಜಿಗವೆಂದರೆ ಮಾವನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿತ್ತು. ಅವರು ಅದನ್ನು ಎಂದೂ ಆರಿಸುವವರಲ್ಲ, ಆರಿಸಿದರೆ ಮತ್ತೆ ಹತ್ತುವುದಿಲ್ಲವೆಂಬ ಭಯ. ತೆರೆಯ ತುಂಬ ಅತ್ತೆಯ ಹಲ್ಲು ತೆರೆದಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತ ಕೂತಿದ್ದರು. ಸೊಸೆ ಯೋಚಿಸಿದಳು: ಇದೊಂದರಲ್ಲಿ ಮಾತ್ರ ತೆರೆಯುತ್ತದೆ ಎಂದರೆ ಇದೇ ಉಗ್ರಾಣವನ್ನು ಹಿಡಿದುಕೊಂಡು ಉಳಿದವರನ್ನು ಒಳಗೆ ಬಿಡುತ್ತಿಲ್ಲ.

"ಆ ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ" ಎಂದಳು ಕಿಟಕಿಗೆ.

ಮಾವ ಗಡಿಯಾರ ನೋಡಿದರು. "ಚೆನ್ನಾಗಿದೆಯಲ್ಲ ಇದು."

"ಒಂದೇ ನಿಮಿಷ."

ಆರಿಸಿ ಹಾಕಿದರು. ತೆರೆ ಬೆಳಗಿತು. ಉಗ್ರಾಣ ಸಿಗುತ್ತಿಲ್ಲ ಎಂದಿತು. ಅತ್ತೆಯ ಹಲ್ಲು ಇದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕವಿತ್ತು.

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅಷ್ಟರಲ್ಲಿ ಅತ್ತೆ ಚಹಾ ತಂದರು. ಇಬ್ಬರ ಮುಖ ನೋಡಿದರು, ತೆರೆ ನೋಡಿದರು. ಏನಾಯಿತೆಂದು ಕಣ್ಣಲ್ಲೇ ಕೇಳಿದರು. ಲೋಟಗಳನ್ನಿಟ್ಟು, ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹೋದರು. ಸೊಸೆ ಆ ಬೆನ್ನನ್ನೇ ನೋಡುತ್ತ ನಿಂತಳು. ಫೈಲೆಲ್ಲ ಒಂದೇ ಕಡೆ ಇಡೋಣ, ಯಾವ ಭಯವೂ ಇಲ್ಲ ಎಂದು ಈ ಮನೆಗೆ ಭರವಸೆ ಕೊಟ್ಟವಳು ಅವಳೇ. ಅತ್ತೆಯ ಮುಖಾಂತರವೇ ಕೊಟ್ಟಿದ್ದಳು.

ಅವಳು ಹಲ್ಲು ಕಚ್ಚಿ ಕೂತಳು. ಸರ್ವರು ಸತ್ತಿದೆಯೋ ಬದುಕಿದೆಯೋ ಅದಾದರೂ ತಿಳಿಯಲಿ ಎಂದು, ಉಗ್ರಾಣ ಎಂಬ ಹೆಸರು ಬಿಟ್ಟು ಅದರ ನಂಬರನ್ನು ನೇರವಾಗಿ ಬಡಿದಳು. ಕಣ್ಣು ಮಿಟುಕಿಸುವುದರೊಳಗೆ ಫೋಲ್ಡರುಗಳೆಲ್ಲ ಸಾಲಾಗಿ ಬಂದು ನಿಂತವು. ಅತ್ತೆಯ ಫೈಲೂ ಇತ್ತು. ತೆರೆದಳು. ಸೊಟ್ಟ ಹಲ್ಲು ನಗುತ್ತ ಕೂತಿತ್ತು.

"ಮಾವ!" ಎಂದು ಕೂಗಿದಳು. ಕಿಟಕಿಗಲ್ಲ, ಮಾವನಿಗೇ. "ಇದೆ ಮಾವ, ಇಲ್ಲೇ ಇದೆ! ಎಲ್ಲೂ ಹೋಗಿಲ್ಲ!"

ಮಾವ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತು ತೆರೆ ನೋಡಿದರು. ಗಂಟಲು ಸರಿಮಾಡಿಕೊಂಡು, "ಮತ್ತೆ ಸಿಗಲ್ಲ ಅಂತಿತ್ತಲ್ಲ" ಎಂದರು. ಯಾರಿಗೆ ಹೇಳಿದರೋ ಅವರಿಗೂ ಗೊತ್ತಾಗಲಿಲ್ಲ.

"ಹೆಸರು ಹಿಡಿದು ಕರೆದ್ರೆ ಸಿಗ್ತಿಲ್ಲ, ನಂಬರ್ ಹಿಡಿದು ಹೋದ್ರೆ ಸಿಗ್ತಿದೆ. ಅಂದ್ರೆ ಉಗ್ರಾಣಕ್ಕೆ ಏನೂ ಆಗಿಲ್ಲ. ದಾರಿ ಹೇಳೋರು ಇಲ್ಲ ಅಷ್ಟೇ." ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆದು, ಹಣೆ ಚಚ್ಚಿಕೊಂಡಳು. "ಅಯ್ಯೋ, ಅಜ್ಜಿ!"

ಅಜ್ಜಿ ಎಂದರೆ ತಿಂಡಿ ಡಬ್ಬಿಯಷ್ಟು ಗಾತ್ರದ ಒಂದು ಪುಟ್ಟ ಪೆಟ್ಟಿಗೆ. ಕಂಪ್ಯೂಟರುಗಳಿಗೆ ಒಂದನ್ನೊಂದು ಮುಟ್ಟಲು ನಂಬರು ಬೇಕು, ನಮಗೋ ಹೆಸರೇ ನೆನಪಿರುವುದು. ಉಗ್ರಾಣ ಎಲ್ಲಿ ಎಂದು ಯಾರು ಕೇಳಿದರೂ, ಇಂಥ ನಂಬರಿನಲ್ಲಿದೆ ಹೋಗಪ್ಪಾ ಎಂದು ಹೇಳುವುದೊಂದೇ ಆ ಪೆಟ್ಟಿಗೆಯ ಕೆಲಸ. ಡಿಎನ್ಎಸ್ ಸರ್ವರ್ ಎಂಬುದು ಅದರ ಕಚೇರಿ ಹೆಸರು; ಇಂಟರ್ನೆಟ್ಟಿಗೆ ದಾರಿ ಹೇಳುತ್ತಿದ್ದುದೂ ಅದೇ. ಬೀದಿಯ ತುದಿಮನೆಯಲ್ಲಿ ಕೂತು, ಬಂದವರಿಗೆಲ್ಲ ಯಾರ ಮನೆ ಎಲ್ಲಿ ಎಂದು ಹೇಳುವ ಮುದುಕಿಯ ಹಾಗಿದೆಯೆಂದು ಸೊಸೆ ಅದನ್ನು ಅಜ್ಜಿ ಎಂದು ಕರೆದಿದ್ದಳು. ಇಟ್ಟಾಗಿನಿಂದ ಒಂದು ದಿನವೂ ಕೈಕೊಡದ್ದರಿಂದ ಅದೊಂದು ಇದೆಯೆಂಬುದನ್ನೇ ಮರೆತಿದ್ದಳು. ಮಾವನ ಕಂಪ್ಯೂಟರು ಉಗ್ರಾಣದ ದಾರಿಯನ್ನು ನಿನ್ನೆಯೇ ಕೇಳಿ ಒಳಗೆ ಹೊಕ್ಕು ಕೂತಿತ್ತು, ಅದಕ್ಕೇ ಅದೊಂದಕ್ಕೆ ತೊಂದರೆಯಾಗಿರಲಿಲ್ಲ. ಆರಿಸಿ ಹಾಕಿಸಿ ಇವಳೇ ಅದನ್ನೂ ಬೀದಿಗೆ ತಂದಿದ್ದಳು.

"ನಂಬರಿನಲ್ಲೇ ಹೋಗಿ ಫೈಲ್ ತಗೊಂಡ್ರೆ ಆಯ್ತಲ್ಲ" ಎಂದರು ಮಾವ. ಮೊದಲ ಸಲ ಅವಳ ಕಡೆ ನೋಡಿ.

"ನಾನು ತಗೋಬಹುದು, ಬಡಗಿ ತಗೊಳಲ್ಲ. ಅದರ ಹೊಟ್ಟೆಯಲ್ಲಿ ಉಗ್ರಾಣ ಅನ್ನೋ ಹೆಸರು ಬರೆದು ಕಂಪನಿಯವರು ಬೀಗ ಹಾಕಿದಾರೆ. ಪೆನ್‌ಡ್ರೈವ್ ಚುಚ್ಚೋಕೂ ಜಾಗ ಇಲ್ಲ." ಯಂತ್ರದ ಕಂಪನಿಗೆ ಫೋನು ಮಾಡಿದಳು. ನಾಡಿದ್ದು ಒಬ್ಬರನ್ನು ಕಳಿಸುತ್ತೇವೆ ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿದರು. ನಾಡಿದ್ದು ಹಲ್ಲು ಕಟ್ಟಿಕೊಂಡು ಯಾರ ಮನೆಗೆ ಹೋಗುವುದು?

ಸರಿ, ಅಜ್ಜಿಯನ್ನೇ ಎಬ್ಬಿಸೋಣವೆಂದು ನಡುಮನೆಗೆ ಓಡಿದಳು. ಗೋಡೆಯ ಹಲಗೆಯ ಮೇಲೆ ಅವಳೇ ಇಟ್ಟಿದ್ದ ಜಾಗ ಖಾಲಿಯಿತ್ತು. ಧೂಳಿನಲ್ಲಿ ಪೆಟ್ಟಿಗೆಯ ಗುರುತು ಮಾತ್ರ ಚೌಕಾಕಾರವಾಗಿ ಉಳಿದಿತ್ತು.

"ಮಾವ, ಇಲ್ಲೊಂದು ಕಪ್ಪು ಡಬ್ಬಿ ಇತ್ತಲ್ಲ?"

"ಅದಾ?" ಎಂದರು ಮಾವ ಸಹಜವಾಗಿ. "ಅದನ್ನ ಪ್ಲಾಸ್ಟರ್ ಕೋಣೆಯಲ್ಲಿ ಇಟ್ಟಿದೀನಿ. ವೈರು ಉದ್ದ ಇತ್ತು, ಮುಟ್ಟಿತು. ಮೇಲ್ಗಡೆ ಬೆಚ್ಚಗಿರುತ್ತೆ, ಅಚ್ಚು ಬೇಗ ಒಣಗುತ್ತೆ."

ಸೊಸೆ ಅವರ ಮುಖವನ್ನೇ ನೋಡಿದಳು. ಜಗತ್ತಿನಲ್ಲಿ ಎಷ್ಟೋ ಕಡೆ ಇಂಥ ಪೆಟ್ಟಿಗೆಗಳು ಎಷ್ಟೋ ರೀತಿಯಲ್ಲಿ ಕೆಟ್ಟಿರಬಹುದು. ಅದರ ಮೇಲೆ ಒದ್ದೆ ವಸಡು ಒಣಹಾಕಿ ಕೆಡಿಸುವುದು ಈ ಮನೆಯವರಿಗೆ ಮಾತ್ರ ಸಾಧ್ಯ. ಪ್ಲಾಸ್ಟರು ಕೋಣೆಗೆ ಹೋದರೆ, ಚೀಲಗಳ ಹಿಂದೆ, ಅಜ್ಜಿಯ ನೆತ್ತಿಯ ಮೇಲೆ, ಒದ್ದೆ ಬಟ್ಟೆಯ ಸಮೇತ ಅತ್ತೆಯ ಬಿಳಿ ಅಚ್ಚು ಕೂತಿತ್ತು. ನೀರು ಬಸಿದು ಪೆಟ್ಟಿಗೆಯ ಗಾಳಿಕಿಂಡಿಯೊಳಗೆ ಇಳಿದಿತ್ತು. ದೀಪವಿಲ್ಲ, ಸದ್ದಿಲ್ಲ. ಅವಳು ಗುಂಡಿ ಒತ್ತಿದಳು, ಬೇರೆ ಪ್ಲಗ್ಗಿಗೆ ಹಾಕಿದಳು, ಕಿವಿಗಿಟ್ಟು ಕೇಳಿದಳು. ಬಗ್ಗಿಸಿದರೆ ಸುಣ್ಣದ ಬಣ್ಣದ ನೀರು ಒಂದು ಸಾಲು ಇಳಿಯಿತು. ಅಚ್ಚು ಮಾತ್ರ ಬಲು ಚೆನ್ನಾಗಿ ಒಣಗಿತ್ತು.

ಮಾವ ಬಾಗಿಲಲ್ಲಿ ನಿಂತಿದ್ದರು. ನಿಧಾನಕ್ಕೆ ಅವರಿಗೂ ಅರ್ಥವಾಯಿತು.

"ಯಾವಾಗ್ಲೂ ನೀರೆಲ್ಲ ಆರಿದ ಮೇಲೇ ಇಡ್ತಿದ್ದೆ" ಎಂದರು. ದನಿ ಚಿಕ್ಕದಾಗಿತ್ತು. "ನಿನ್ನೆ ಇವಳದು ಅಂತ... ಬೇಗ ಆಗ್ಲಿ ಅಂತ... ನಾನೇ ಹಾಳುಮಾಡಿದ್ನಾ?"

ಬೈಯಲು ಒಳ್ಳೆಯ ಅವಕಾಶ. ಸೊಸೆಯ ನಾಲಿಗೆಯ ತುದಿಗೆ ನಾಲ್ಕು ಮಾತು ಬಂದೂ ಇತ್ತು. ಆದರೆ ಪ್ಲಾಸ್ಟರು ಮೆತ್ತಿದ ಕೈ ಹಿಸುಕಿಕೊಳ್ಳುತ್ತ ನಿಂತ ಆ ಮನುಷ್ಯನನ್ನು ಕಂಡು ಅವಳು ಅವನ್ನು ನುಂಗಿಕೊಂಡಳು. ಅವಸರ ಮಾಡಿದ್ದು ಯಾರಿಗಾಗಿ? ಇಷ್ಟೊಂದು ಪ್ರೀತಿಯನ್ನು ಇಷ್ಟು ವರ್ಷ ಈ ಮುದುಕ ಎಲ್ಲಿ ಬಚ್ಚಿಟ್ಟಿದ್ದರು?

"ನಿಮ್ಮದೇನಿಲ್ಲ ಮಾವ. ಇಡೀ ಮನೆಯನ್ನ ಒಂದು ಡಬ್ಬಿ ಮೇಲೆ ನಿಲ್ಲಿಸಿದ್ದು ನನ್ನ ತಪ್ಪು. ಅದಕ್ಕೊಂದು ಜೊತೆ ಇಡಬೇಕಿತ್ತು. ಈಗ ಬನ್ನಿ, ನಂಗೆ ನಿಮ್ಮ ಸಹಾಯ ಬೇಕು."

ಅವಳ ಉಪಾಯ ಸುಲಭದ್ದು. ಯಂತ್ರಗಳೆಲ್ಲ ದಾರಿ ಕೇಳಲು ಹೋಗುತ್ತಿದ್ದುದು ಅಜ್ಜಿಯ ನಂಬರಿಗೆ. ಆ ನಂಬರನ್ನು ಉಗ್ರಾಣಕ್ಕೇ ಕೊಟ್ಟುಬಿಟ್ಟರೆ, ದಾರಿ ಹೇಳುವ ಕೆಲಸವನ್ನೂ ಅದಕ್ಕೇ ವಹಿಸಿದರೆ, ಬಡಗಿಗೆ ಅಜ್ಜಿ ಬದಲಾದದ್ದೇ ತಿಳಿಯುವುದಿಲ್ಲ. ಆದರೆ ಅಜ್ಜಿಗೆ ಗೊತ್ತಿದ್ದುದನ್ನೆಲ್ಲ ಮತ್ತೆ ಹೊಸದಾಗಿ ಹೇಳಿಕೊಡಬೇಕು. ಯಾವ ಹೆಸರು, ಯಾವ ನಂಬರು. ಪ್ರತಿ ಯಂತ್ರದ ಹೊಟ್ಟೆಯಡಿ ಅವಳು ನಂಬರಿನ ಚೀಟಿ ಅಂಟಿಸಿದ್ದಳು. ಓದಲು ಒಬ್ಬರು ಬೇಕಿತ್ತು.

ಮಾವ ಮಂಡಿಯೂರಿ ಬಡಗಿಯ ಕೆಳಗೆ ತಲೆ ತೂರಿಸಿದರು. ಅವರ ಕೂಗು ಯಂತ್ರದಡಿಯಿಂದ ಬರುತ್ತಿತ್ತು. "ಕೊನೇದು ಹದಿನೇಳು!"

"ಹದಿನೇಳಾ ಹನ್ನೊಂದಾ ಮಾವ? ಸರಿಯಾಗಿ ನೋಡಿ!"

"ಹದಿನೇಳೇ ಕಣೇ! ನಂಗೇನು ಓದೋಕೆ ಬರಲ್ವಾ?"

"ಕನ್ನಡಕ ಹಾಕಿದೀರಾ?"

ಯಂತ್ರದಡಿ ಜೇಬು ತಡಕಾಡುವ ಸದ್ದಾಯಿತು. "ಹನ್ನೊಂದು" ಎಂಬ ದನಿ ಬಂತು.

ಸೊಸೆ ನಕ್ಕಳು. ಯಂತ್ರದಡಿಯಿಂದಲೂ ಒಂದು ನಗು ಬಂತು. ಹಾಗೆ ಕೋಣೆಯಿಂದ ಕೋಣೆಗೆ ಕೂಗಾಡುತ್ತ ಅವರು ಅವತ್ತು ಒಂದು ವರ್ಷಕ್ಕಾಗುವಷ್ಟು ಮಾತಾಡಿದರು. ಗದ್ದಲ ಕೇಳಿ ಅತ್ತೆ ಮೆಟ್ಟಿಲಿನ ನಡುವೆ ಬಂದು ನಿಂತು, ಕಣ್ಣರಳಿಸಿ ನೋಡಿ, ಸದ್ದು ಮಾಡದೆ ವಾಪಸು ಹೋದರು. ಇಬ್ಬರಿಗೂ ಅದು ತಿಳಿಯಲಿಲ್ಲ.

ಕೊನೆಯ ಹೆಸರು ಬರೆದು ಮುಗಿಸಿ ಸೊಸೆ ಬಡಗಿಯ ಮುಂದೆ ನಿಂತು ಗುಂಡಿ ಒತ್ತಿದಳು. ಯಂತ್ರ ಒಂದು ಗಳಿಗೆ ಯೋಚಿಸಿತು. ತೆರೆಯ ಮೇಲೆ ಉಗ್ರಾಣ ಎಂದು ಮೂಡಿ, ಅದರ ಕೆಳಗೆ ಫೈಲುಗಳು ಒಂದೊಂದಾಗಿ ಇಳಿದವು.

"ಬಂತು!" ಎಂದರು ಮಾವ. ಅವಳ ತಲೆ ಸವರಲು ಕೈ ಎತ್ತಿದವರು, ಕೈತುಂಬ ಪ್ಲಾಸ್ಟರಿದ್ದುದನ್ನು ನೋಡಿಯೋ ಏನೋ ಇಳಿಸಿಬಿಟ್ಟರು.

ಆಮೇಲಿನದೆಲ್ಲ ಅವರಿಗೆ ಗೊತ್ತಿದ್ದ ಕೆಲಸ. ಒಣಗಿದ ಅಚ್ಚಿನ ಸ್ಕ್ಯಾನಾಯಿತು, ತೆರೆಯ ಮೇಲೆ ಹೊಸ ವಸಡಿನಲ್ಲಿ ಹಳೆಯ ಹಲ್ಲು ಕೂತವು. ಸೊಟ್ಟ ಹಲ್ಲಿನ ಹತ್ತಿರ ಬಂದಾಗ ಸೊಸೆ ಕೈ ನಿಲ್ಲಿಸಿ ಕೇಳಿದಳು, "ಇದನ್ನ ಒಂಚೂರು ನೇರ ಮಾಡ್ಲಾ ಮಾವ? ಈ ಹಲ್ಲು ಕಂಡ್ರೆ ಆಗಲ್ಲ ಅಂತ ಅತ್ತೆ ಯಾವಾಗ್ಲೂ ಬೈಕೊಳ್ತಿದ್ರು."

"ಮುಟ್ಟಬೇಡ" ಎಂದರು ಮಾವ. ಅಷ್ಟೇ.

ಮಧ್ಯಾಹ್ನವೆಲ್ಲ ಬಡಗಿ ಗುಂಯ್‌ಗುಡುತ್ತ ಕೊರೆಯಿತು. ಹೊರಗೆ ಬಂದದ್ದನ್ನು ಮಾವ ಕಿಟಕಿಯ ಬೆಳಕಿನಲ್ಲಿ ಕೂತು ತಿಕ್ಕಿದರು, ಹೊಳಪಿಟ್ಟರು, ಮತ್ತೆ ತಿಕ್ಕಿದರು. ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಯನ್ನು ಕೆಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಅತ್ತೆ ಅಂಗೈ ತೆಗೆಯಲು ಹಿಂದೆಮುಂದೆ ನೋಡಿದರು. ಮಾವ ಆ ಕೈಯನ್ನು ಮೆಲ್ಲಗೆ ಹಿಡಿದು ಮಡಿಲಲ್ಲಿ ಇಟ್ಟು, "ಬಾಯಿ ತೆಗಿ" ಎಂದರು, ಸ್ಕ್ಯಾನರು ತಂದ ದಿನದ ಹಾಗೆಯೇ.

ಅತ್ತೆ ಕನ್ನಡಿ ನೋಡಲಿಲ್ಲ. ಮೊದಲು ನಾಲಿಗೆಯಿಂದ ಸವರಿ ನೋಡಿದರು. ಸೊಟ್ಟ ಹಲ್ಲಿನ ಹತ್ತಿರ ನಾಲಿಗೆ ನಿಂತಿತು. ಮತ್ತೊಮ್ಮೆ ಸವರಿದರು. ಕಣ್ಣಲ್ಲಿ ನೀರು ತುಂಬಿ ಬಂತು.

"ಇದನ್ನ ಯಾಕ್ರೀ ಇಟ್ರಿ?" ಎಂದರು. ಮೂರು ವಾರದ ಮೇಲೆ ಸರಿಯಾಗಿ ಕೇಳಿದ ದನಿ. "ಒಂದು ಸಲವಾದ್ರೂ ನೇರ ಹಲ್ಲು ಹಾಕ್ಕೊಂಡು ಮೆರೀತಿದ್ದೆ."

"ನಿಮ್ಮಕ್ಕ ಗುರುತು ಹಿಡೀಬೇಕಲ್ಲ" ಎಂದರು ಮಾವ ನೆಲ ನೋಡುತ್ತ. ಸ್ವಲ್ಪ ತಡೆದು ಸೇರಿಸಿದರು, "ನಾನೂ ಹಿಡೀಬೇಕಲ್ಲ."

ಅತ್ತೆ ನಕ್ಕರು. ಕೈ ಅಡ್ಡ ಹಿಡಿಯದೆ, ಬಾಯಿ ತುಂಬ ನಕ್ಕರು. ಈ ನಗುವಿಲ್ಲದೆ ಮೂರು ವಾರ ಹೇಗೆ ಬದುಕಿದೆವು ಎಂದು ಸೊಸೆಗೆ ಅಚ್ಚರಿಯಾಯಿತು.

ನಗು ಮುಗಿಯುತ್ತಿದ್ದಂತೆ ಅತ್ತೆಗೆ ಏನೋ ನೆನಪಾಯಿತು. ಸೊಸೆಯ ಕಡೆ ತಿರುಗಿ, ಬಾಕಿ ಉಳಿದ ಕೆಲಸ ಮುಗಿಸುವವರ ಹಾಗೆ ಹೇಳಿದರು, "ಮರೆತಿದ್ದೆ ನೋಡೇ. ನಡುಮನೇಲಿದ್ದ ಕಪ್ಪು ಡಬ್ಬಿನ ನಿಮ್ಮಾವ ಪ್ಲಾಸ್ಟರ್ ಕೋಣೆಗೆ ತಗೊಂಡು ಹೋಗಿದಾರಂತೆ. ನಿಂಗೆ ಹೇಳು ಅಂದಿದ್ರು, ನಾನು ಬಿದ್ದೆನಲ್ಲ, ಅದರ ಮಾರನೇ ದಿನವೇ. ಒದ್ದೆ ಆದ್ರೆ ಏನಾದ್ರೂ ಆಗುತ್ತಾ ಅಂತ ಕೇಳು ಅಂತಲೂ ಅಂದಿದ್ರು. ಬಾಯಿ ಬಿಡೋಕೆ ನಾಚಿಕೆಯಾಗಿ ಸುಮ್ಮನಿದ್ದೆ. ಆಗುತ್ತೇನೇ?"

ಮಾವನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಸೊಸೆಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಮಾವನಿಗೂ ತಡೆಯಲಾಗಲಿಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಏನಾಯಿತೆಂದು ತಿಳಿಯದೆ ಅತ್ತೆಯೂ ನಗುತ್ತಿದ್ದರು, ಹೊಸ ಹಲ್ಲಿನ ನೆಪ ಸಾಕಿತ್ತು.

ಎಲ್ಲ ಸುಮ್ಮನಾದ ಮೇಲೆ ಮಾವ ಹಳೆಯ ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿದರು. "ಅವಳಿಗೆ ಹೇಳು..." ಎಂದು ಶುರುಮಾಡಿದರು. ನಂಬರು ಕೂಗುವಾಗ ಇರದ ಸಂಕೋಚ ಈಗ ಮತ್ತೆ ಬಂದಿತ್ತು.

ಅತ್ತೆ ಗಂಡನನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಅಂಗೈ ಎತ್ತಿ, ಮೂರು ವಾರ ಹಿಡಿದ ಹಾಗೆಯೇ, ಬಾಯಿಗೆ ಅಡ್ಡ ಹಿಡಿದುಕೊಂಡರು. ಅದರ ಮೇಲಿನಿಂದ ಕಣ್ಣು ನಗುತ್ತಿತ್ತು.

ಮಾವ ಕಾದರು. ಅತ್ತೆ ಕೈ ತೆಗೆಯಲಿಲ್ಲ. ಮಾವ ಗಡಿಯಾರದ ಕಡೆ ನೋಡಿದರು. ಕೊನೆಗೆ ಕುರ್ಚಿಯನ್ನು ಒಂಚೂರು ತಿರುಗಿಸಿಕೊಂಡು ಸೊಸೆಯ ಎದುರಿಗೆ ಕೂತರು.

"ಮಗೂ" ಎಂದರು. "ನಾಳೆ ನೀನೂ ಬಾ ನಮ್ಮ ಜೊತೆ. ಇವಳಕ್ಕ ಕೇಳ್ತಾರೆ, ಇವಳ ನಗು ಯಾರು ವಾಪಸ್ ತಂದ್ರು ಅಂತ. ತೋರಿಸೋಕೆ ನೀನು ಇರಬೇಕು."